ಹಿಂದಕ್ಕೆ ಹಾರಿದ ಬಾವುಟ

ನಾಲ್ಕು ವರ್ಷದಲ್ಲಿ ಉಮ್ಮತ್ತೂರಿನ ನಿಂಗರಾಜು ನೂರಾ ಹನ್ನೆರಡು ಹಡಗುಗಳನ್ನು ಬರೆದಿದ್ದ. ಅಷ್ಟನ್ನೂ ತಲೆಕೆಳಗು ಮಾಡಿಯೇ ಬರೆದಿದ್ದ.

ಅದು ಸುಧಾಮಣಿ ಮೇಡಂ ಹಾಕಿಕೊಟ್ಟ ಕ್ರಮ. ಬದನಗುಪ್ಪೆ ಕೈಗಾರಿಕಾ ಪ್ರದೇಶದ ಹಿಂಭಾಗದಲ್ಲಿ ಒಂದು ತಗಡಿನ ಶೆಡ್ಡು ಅವರದು. ಅಲ್ಲಿ ಐದು ಜನ ಕೂತು, ಇನ್ನೂರು ಮುನ್ನೂರು ವರ್ಷದ ಹಿಂದೆ ಡಚ್ಚರು, ಇಂಗ್ಲಿಷರು ಬರೆದ ಸಮುದ್ರದ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ಕೈಯಿಂದಲೇ ನಕಲು ಮಾಡುತ್ತಿದ್ದರು. ಬಿರುಗಾಳಿಗೆ ಸಿಕ್ಕ ಹಡಗು, ಬಂದರಿನಲ್ಲಿ ಲಂಗರು ಹಾಕಿದ ಹಡಗು, ಫಿರಂಗಿ ಹೊಗೆಯೊಳಗೆ ಅರ್ಧ ಮುಳುಗಿದ ಹಡಗು. ಹೋಟೆಲಿನವರು, ದೊಡ್ಡ ಮನೆಯವರು, ಹೊರದೇಶದವರು ಕೊಳ್ಳುತ್ತಿದ್ದರು. ಮೂಲಚಿತ್ರದ ಫೋಟೋ ಮೇಲೆ ಚೌಕ ಚೌಕವಾಗಿ ಗೆರೆ ಹಾಕಿ, ಫೋಟೋವನ್ನೂ ಕ್ಯಾನ್ವಾಸನ್ನೂ ಬುಡಮೇಲು ನಿಲ್ಲಿಸಿ, ಆ ಚೌಕದಲ್ಲಿ ಇರುವುದನ್ನು ಈ ಚೌಕಕ್ಕೆ ಇಳಿಸಬೇಕು.

“ನೆಟ್ಟಗಿಟ್ರೆ ನಿಮ್ಮ ತಲೆ ಬರೆಯುತ್ತೆ. ಬುಡಮೇಲಿಟ್ರೆ ಕಣ್ಣು ಬರೆಯುತ್ತೆ,” ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. “ನಾನು ಸಂಬಳ ಕೊಡೋದು ಕಣ್ಣಿಗೆ. ಮೂಲದಲ್ಲಿ ಇಲ್ಲದ್ದು ಒಂದು ಚುಕ್ಕೆ ಕೂಡ ಬರಬಾರದು.”

ಹೀಗಾಗಿ ನಿಂಗರಾಜುವಿಗೆ ತಾನು ಬರೆಯುತ್ತಿರುವುದು ಅಲೆಯೋ ಮೋಡವೋ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಬೂದಿಬಣ್ಣದ ಪಕ್ಕ ಹಸಿರು, ಹಸಿರಿನ ಪಕ್ಕ ಬಿಳಿ, ಅಷ್ಟೆ. ಕೊನೆಗೆ ಕ್ಯಾನ್ವಾಸನ್ನು ತಿರುಗಿಸಿ ನಿಲ್ಲಿಸಿದಾಗ ಅದು ಹಡಗಾಗಿರುತ್ತಿತ್ತು. ಅವನಿಗೆ ಅದು ಪ್ರತಿಸಲವೂ ಬೇರೆ ಯಾರೋ ಬರೆದಿಟ್ಟ ಹಾಗೆ ಕಾಣುತ್ತಿತ್ತು.

ಅವನ ಕೈ ಮೊದಲಿಂದ ಹೀಗೆ ಹೇಳಿದ್ದು ಕೇಳುವ ಕೈಯಲ್ಲ. ಕೂಲಿ ಮಾಡುತ್ತಿದ್ದ ಚಿಕ್ಕಮಾದಯ್ಯನ ಮಗ ಅವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಾಗ ಸುಣ್ಣದ ಡಬ್ಬ ಹಿಡಿದು ಗೋಡೆ ಬರಹಕ್ಕೆ ಇಳಿದ. ಸಿಮೆಂಟು, ಗೊಬ್ಬರ, ಬನಿಯನ್ನು, ಏನು ಹೇಳಿದರೂ ದೂರದಿಂದ ಓದುವ ಹಾಗೆ ಬರೆಯುತ್ತಿದ್ದ. ಫ್ಲೆಕ್ಸು ಬಂದು ಗೋಡೆಗಳು ಹೋದವು. ಗುಂಡ್ಲುಪೇಟೆಗೆ ಹೋಗಿ, ಕೇರಳಕ್ಕೆ ತರಕಾರಿ ಹೊರುವ ಲಾರಿಗಳ ಹಿಂಬದಿಗೆ ಹುಲಿ, ಕಮಲ, ದೇವಿಯ ಕಣ್ಣು ಬರೆದ. ಹತ್ತು ವರ್ಷ ಅದೇ ಅನ್ನ. ಆಮೇಲೆ ಲಾರಿಗಳಿಗೂ ಸ್ಟಿಕ್ಕರು ಬಂತು. ಇನ್ನು ಬಣ್ಣದ ಕೆಲಸ ಸಾಕು ಅಂದುಕೊಂಡಿರುವಾಗ, ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದ ಒಂದು ಲಾರಿಯ ಹುಲಿಯನ್ನು ನೋಡಿ ಸುಧಾಮಣಿ ಮೇಡಂ ಅವನನ್ನು ಹುಡುಕಿಸಿಕೊಂಡು ಬಂದರು. ಅವರು ಗುಂಡ್ಲುಪೇಟೆಯ ವ್ಯಾಪಾರಸ್ಥರ ಮನೆಯವರು, ಮೈಸೂರಿನಲ್ಲಿ ಚಿತ್ರಕಲೆ ಓದಿದವರು. ಆಗ ಅವನಿಗೆ ನಲವತ್ಮೂರು. ಎರಡು ಸಲ ಬಣ್ಣದ ಕೆಲಸ ಕಳಕೊಂಡವನಿಗೆ ಮೂರನೇ ಸಲ ಸಿಕ್ಕಿತ್ತು. ಇದೂ ಹೋದರೆ ನಾಲ್ಕನೆಯದು ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದು ಹೋಗುವ ಸೂಚನೆ ಈ ವರ್ಷ ಬಂತು. ಕ್ಯಾನ್ವಾಸಿನ ಮೇಲೇ ಚಿತ್ರ ಅಚ್ಚು ಹಾಕಿ, ಮೇಲೆ ಅಂಟು ಬಳಿದು ಕುಂಚದ ಗೆರೆಯಂತೆ ಕಾಣಿಸುವ ಮೆಷಿನ್ನು ಎಲ್ಲ ಕಡೆ ಬಂದಿತ್ತು. ಮೇಡಂ ಮೇಜಿನ ಮೇಲೆ ಅದರ ಕೊಟೇಶನ್ನು ಕೂತಿತ್ತು. ಅವರೇನೂ ಮುಚ್ಚಿಡಲಿಲ್ಲ.

“ಕೋಯಾ ಸಾಹೇಬರ ಚಿತ್ರ ಒಪ್ಪಿಗೆ ಆದ್ರೆ, ಅವರ ಮಗ ನಿಯಾಸ್ ತಮ್ಮ ರೆಸಾರ್ಟಿಗೆ ಗೋಡೆಯಷ್ಟು ದೊಡ್ಡ ಹನ್ನೆರಡು ಹಡಗು ಕೈಯಲ್ಲೇ ಬರೆಸ್ತಾರೆ. ಒಂದು ವರ್ಷದ ಕೆಲಸ. ಇಲ್ಲದಿದ್ರೆ ನಾನು ಮೆಷಿನ್ ತರಿಸ್ತೀನಿ. ಅದಕ್ಕೆ ಐದು ಜನ ಬೇಡ, ಬಟನ್ ಒತ್ತೋಕೆ ಒಬ್ರು ಸಾಕು.”

ಮಮ್ಮದ್ ಕೋಯಾ ಕೋಳಿಕ್ಕೋಡಿನವರು. ಮೂವತ್ತೆಂಟು ವರ್ಷ ಹಡಗಿನಲ್ಲಿ ದುಡಿದು ಕ್ಯಾಪ್ಟನ್ ಆಗಿ ನಿವೃತ್ತರಾದವರು, ಈಗ ಎಂಬತ್ಮೂರು ವಯಸ್ಸು. ಮಗ ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ ರೆಸಾರ್ಟು ಕಟ್ಟಿಸುತ್ತಿದ್ದ. ಅವರ ಮನೆಯಲ್ಲಿ ನೂರು ವರ್ಷಕ್ಕೂ ಹಳೆಯದೊಂದು ಚಿತ್ರವಿತ್ತು. ಅವರ ಮುತ್ತಾತ ದಾರಿ ತೋರುವ ಮಾಲುಮಿಯಾಗಿದ್ದ, ಹಾಯಿ ಕಟ್ಟುವ ಮೂರು ಕೂವೆಮರಗಳಿದ್ದ ಹಾಯಿಹಡಗಿನ ಚಿತ್ರ. ಬಂದರಿನ ಯಾರೋ ಹೆಸರಿಲ್ಲದ ಚಿತ್ರಗಾರ ಬರೆದದ್ದು. ಅದರ ಮೇಲ್ಭಾಗ ಒಂದು ಗೇಣಿನಷ್ಟು ಬೂಷ್ಟು ಹಿಡಿದು, ಹುಳ ತಿಂದು, ಏನೂ ಉಳಿದಿರಲಿಲ್ಲ. ಉಳಿದದ್ದು ಹೋಗುವುದರೊಳಗೆ ಇನ್ನೊಂದು ಬರೆಸಿಕೊಳ್ಳಬೇಕೆಂಬುದು ಮುದುಕರ ಆಸೆ.

ಹಡಗಿನ ಒಡಲು, ನೀರು, ಹಾಯಿಗಳನ್ನು ಎಂದಿನಂತೆ ಬುಡಮೇಲಿಟ್ಟು ನಿಂಗರಾಜು ಬರೆದ. ಹಗ್ಗಗಳನ್ನು ಬರೆದವಳು ಶಿವರಂಜಿನಿ. ಚಾಮರಾಜನಗರದ ಹುಡುಗಿ, ಗಾರ್ಮೆಂಟ್ಸಿನಲ್ಲಿ ಐದು ವರ್ಷ ಹೊಲಿದವಳು. ಕೂದಲೆಳೆಯಂಥ ಗೆರೆಯನ್ನು ಉಸಿರು ಬಿಡದೆ ಎಳೆಯುತ್ತಿದ್ದಳು, ಎಳೆದಾದ ಮೇಲೆ ಒಂದು ಗಂಟೆ ಬಾಯಿ ಮುಚ್ಚುತ್ತಿರಲಿಲ್ಲ. ಆಕಾಶವನ್ನು ಮೇಲಿನ ಅಂಚಿನವರೆಗೂ ಮೊದಲೇ ಬರೆದಾಗಿತ್ತು, ಎರಡು ತಿಂಗಳಾದ ಮೇಲೆ ಉಳಿದದ್ದು ಆ ಮೇಲಿನ ಸಾಲಿನ ಮರದ ತುದಿ. ಅಲ್ಲಿ ನೋಡಿ ಬರೆಯಲು ಏನೂ ಇಲ್ಲ. ಮೇಡಂ ಫೋನಿನಲ್ಲಿ ಕೇಳಿದ್ದಕ್ಕೆ ಮುದುಕರು, “ನಡುವಿನ ಮರದ ತುದಿಗೆ ಉದ್ದ ಕೆಂಪು ಬಾವುಟ, ಮಧ್ಯೆ ಬಿಳಿ ಪಟ್ಟೆ. ನನ್ನ ತಂದೆ ಹೇಳ್ತಿದ್ದದ್ದು,” ಎಂದಿದ್ದರಂತೆ.

“ಇದನ್ನ ನೆಟ್ಟಗಿಟ್ಕೊಂಡು ನೀವೇ ಬರೀರಿ ನಿಂಗರಾಜು,” ಎಂದರು ಮೇಡಂ.

ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಸ್ವಂತವಾಗಿ ಬರೆಯಲು ಏನೋ ಸಿಕ್ಕಿತ್ತು. ಬಾವುಟ ಅಂದಕೂಡಲೇ ಅವನ ಕಣ್ಣಿಗೆ ಕಟ್ಟಿದ್ದು ಏಪ್ರಿಲ್ ತಿಂಗಳ ಜಯಂತಿ ಮೆರವಣಿಗೆ. ಉಮ್ಮತ್ತೂರಿನಿಂದ ಚಾಮರಾಜನಗರಕ್ಕೆ ಟೆಂಪೋ ಮೇಲೆ ನಿಂತು, ನೀಲಿ ಬಾವುಟದ ಕೋಲನ್ನು ಎದೆಗೆ ಒತ್ತಿ ಹಿಡಿದಾಗ ಬಟ್ಟೆ ಪಟಪಟನೆ ಹಿಂದಕ್ಕೆ ಹಾರುತ್ತಿತ್ತಲ್ಲ, ಆ ಬಿರುಸು ಅವನ ಕೈಯಲ್ಲಿ ಇನ್ನೂ ಇತ್ತು. ಹಡಗು ಎಡಕ್ಕೆ ಹೋಗುತ್ತಿತ್ತು. ಬಾವುಟವನ್ನು ಬಲಕ್ಕೆ, ಹಿಂದಕ್ಕೆ, ಚಾಟಿಯ ಹಾಗೆ ಎಳೆದ. ಬರೆದು ಮುಗಿಸಿ ಅರ್ಧ ಗಂಟೆ ಅದರ ಮುಂದೆಯೇ ಕೂತಿದ್ದ.

“ಅಣ್ಣೋ, ಹಡಗು ಈಗ ನಿಜವಾಗ್ಲೂ ಓಡ್ತಾ ಅದೆ ಕಣಣ್ಣ,” ಎಂದಿದ್ದಳು ಶಿವರಂಜಿನಿ. ಮೇಡಂ ಕೂಡ ತಲೆದೂಗಿದ್ದರು.

ಐದು ದಿನ ಕಳೆದು ಶನಿವಾರ ಬೆಳಿಗ್ಗೆ ಮೇಡಂ ಮತ್ತು ಶಿವರಂಜಿನಿ ಚಿತ್ರವನ್ನು ವ್ಯಾನಿನಲ್ಲಿಟ್ಟುಕೊಂಡು ಗುಂಡ್ಲುಪೇಟೆಗೆ ಹೋದರು. ಕೋಯಾ ಸಾಹೇಬರು ಮಗನ ಮನೆಗೆ ಬಂದಿದ್ದರು. ಸಂಜೆ ನಾಲ್ಕಕ್ಕೆ ಚಿತ್ರ ನೋಡಿ, ಐದಕ್ಕೆ ಅದನ್ನು ತಗೊಂಡು ಹೊರಡುತ್ತಾರೆ, ಕತ್ತಲಾಗುವುದರೊಳಗೆ ಕಾಡಿನ ರಸ್ತೆ ದಾಟಬೇಕು ಎಂದು ಮೊದಲೇ ಗೊತ್ತಾಗಿತ್ತು. ಉಳಿದವರಿಗೆಲ್ಲ ಅವತ್ತು ರಜೆ. ನಿಂಗರಾಜು ಕುದೇರಿನಲ್ಲಿದ್ದ ಅಕ್ಕ ಚಿಕ್ಕನಿಂಗಮ್ಮನ ಮನೆಗೆ ಹುರುಳಿ ತೂರಿಕೊಡಲು ಹೋದ.

ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಬಿಸಿಲು ಏರಿ ಗಾಳಿ ಎದ್ದಿತ್ತು. ಅವನು ಸ್ಟೂಲು ಹತ್ತಿ ಮೊರ ಎತ್ತಿದ.

“ಎತ್ಲಾಗ್ ತಿರಿಕ್ಕಂಡಿದಯ್ಲಾ? ಹಡಗು ಬರ್ದು ಬರ್ದು ಮೊರ ಹಿಡಿಯಾದ್ನೇ ಮರ್ತ್‌ಬುಟ್ಟಾ? ಗಾಳಿಗೆ ಬೆನ್ ಕೊಟ್ಕಂಡು ನಿಂತ್ಕ. ಹೊಟ್ಟೆಲ್ಲಾ ನನ್ ಮೂತಿಗೇ ಬತ್ತದ,” ಎಂದು ಅಕ್ಕ ಕೂಗಿದಳು.

ಅವನು ತಿರುಗಿ ಗಾಳಿಗೆ ಬೆನ್ನು ಕೊಟ್ಟ. ಮೊರ ಅಲುಗಿಸಿದ. ಕಾಳು ನೆಟ್ಟಗೆ ಕೆಳಗೆ ಬಿತ್ತು, ಹೊಟ್ಟು ಮುಂದಕ್ಕೆ ಹಾರಿತು. ಅದರ ಜೊತೆಗೇ ತಲೆಗೆ ಸುತ್ತಿದ್ದ ಟವಲಿನ ತುದಿ ಬಿಚ್ಚಿಕೊಂಡು ಮುಂದಕ್ಕೆ ಹಾರಿ ಅವನ ಕಣ್ಣಿಗೆ ಅಡ್ಡ ಬಂತು. ಅದನ್ನು ಹಿಂದಕ್ಕೆ ಸರಿಸಿದ. ಮತ್ತೆ ಮುಂದಕ್ಕೆ ಬಂತು.

ಅವನ ಕೈ ಅಲ್ಲೇ ನಿಂತಿತು.

“ಯಾಕ್ಲಾ, ದೆವ್ವ ಕಂಡಂಗೆ ನಿಂತ್‌ಬುಟ್ಟೆ?”

“ಅಕ್ಕಾ, ಟವಲು ಮುಂದಕ್ಕೋಯ್ತದೆ.”

“ಮುಂದಕ್ಕೋಗ್ದೆ ಇನ್ನೆತ್ಲಾಗೋದದು? ಗಾಳಿ ಹಿಂದಿಂದ ಬತ್ತಾ ಇದ್ರೆ ಹಿಂದಕ್ಕೋದದಾ? ಬಿಸ್ಲು ತಲ್ಗೇರ್ತೇನ್ಲಾ ನಿಂಗೆ?”

ನಿಂಗರಾಜು ಸ್ಟೂಲಿನಿಂದ ಇಳಿದು ಕಣದ ಅಂಚಿನಲ್ಲಿ ಕುಕ್ಕರಿಸಿದ. ಟೆಂಪೋವನ್ನು ಓಡಿಸುವುದು ಇಂಜಿನ್ನು. ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅದಕ್ಕೇ ಬಾವುಟ ಹಿಂದಕ್ಕೆ. ಆದರೆ ಹಾಯಿಹಡಗಿಗೆ ಇಂಜಿನ್ನೆಲ್ಲಿದೆ? ಗಾಳಿಯೇ ಹಿಂದಿನಿಂದ ಬಂದು ಹಾಯಿಗಳನ್ನು ಮುಂದಕ್ಕೆ ಉಬ್ಬಿಸಿ ತಳ್ಳಬೇಕು. ಅವನೇ ಬರೆದ ಮೂರು ಮರದ ಹಾಯಿಗಳೂ ಎಡಕ್ಕೆ, ಮುಂದಕ್ಕೆ, ಬಸುರಿಯ ಹೊಟ್ಟೆಯಂತೆ ಉಬ್ಬಿದ್ದವು. ಅದೇ ಮರದ ತುದಿಯ ಬಾವುಟ ಬಲಕ್ಕೆ ಹಾರುತ್ತಿತ್ತು. ಒಂದೇ ಗಾಳಿ ಒಂದೇ ಮರದಲ್ಲಿ ಎರಡು ಕಡೆಗೆ ಬೀಸುತ್ತಿತ್ತು. ಅದನ್ನು ನೋಡುವವರು ಮೂವತ್ತೆಂಟು ವರ್ಷ ಸಮುದ್ರದ ಮೇಲೆ ಇದ್ದವರು.

ಮೇಡಂಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಕೊನೆಗೆ ಶಿವರಂಜಿನಿ ಸಿಕ್ಕಳು. ಅವನು ಹೇಳಿದ್ದನ್ನೆಲ್ಲ ಕೇಳಿ ಅವಳು ದನಿ ತಗ್ಗಿಸಿದಳು.

“ಅಣ್ಣಾ, ಈಗ ಏನೂ ಅನ್ಬೇಡ. ಇಲ್ಲಿ ಎಲ್ರೂ ಖುಷಿಯಾಗವ್ರೆ. ಆ ನಿಯಾಸ್ ಸಾರು ಫೋಟೋ ಮೇಲೆ ಫೋಟೋ ಹೊಡೀತಾವ್ರೆ.”

“ಮುದುಕ್ರು ನೋಡುದ್ರಾ?”

“ಇಲ್ಲ, ಮಲ್ಗವ್ರಂತೆ. ನಾಲ್ಕಕ್ಕೆ ನಮಾಜು ಮುಗಿಸ್ಕಂಡು ಬತ್ತಾರೆ.”

“ರಿಪೇರಿ ಡಬ್ಬ ತಂದಿದ್ದೀಯಾ?” ಸಾಗಿಸುವಾಗ ಬಣ್ಣ ಕಿತ್ತರೆ ಸರಿಮಾಡಲು ಒಂದು ಡಬ್ಬವನ್ನು ಯಾವಾಗಲೂ ವ್ಯಾನಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

“ಅದೆ. ಅಣ್ಣಾ, ನೀನೇನಾದ್ರೂ ಬಂದು ಗಲಾಟೆ ಮಾಡೀಯಾ ಮತ್ತೆ. ನಂಗೆ ವಾಪಸ್ ಗಾರ್ಮೆಂಟ್ಸಿಗೆ ಹೋಗಕಾಗಲ್ಲ ಕಣೋ.”

“ಕೆಂಪು ಒಣಗಿದ್ದದಾ ನೋಡು. ಉಗುರಲ್ಲಿ ತುದಿ ಮುಟ್ಟು.”

ಒಂದು ನಿಮಿಷ ಬಿಟ್ಟು ಪಿಸುಗುಟ್ಟಿದಳು: “ಮೇಲೆ ಕೆನೆ ಕಟ್ಕಂಡದೆ. ಒಳಗೆ ಇನ್ನೂ ಮೆತ್ತಗದೆ.”

ಕೆಂಪು ನಿಧಾನಕ್ಕೆ ಒಣಗುವ ಬಣ್ಣ. ಆಕಾಶ ಬರೆದು ಒಂದೂವರೆ ತಿಂಗಳಾಗಿತ್ತು, ಅದು ಕಲ್ಲಾಗಿರುತ್ತದೆ. ಅಂದರೆ ಆಕಾಶಕ್ಕೆ ತಗಲದ ಹಾಗೆ ಬಾವುಟವೊಂದನ್ನೇ ಕೆರೆದು ಎಬ್ಬಿಸಬಹುದು. ಇವತ್ತು ಬಿಟ್ಟರೆ ಆಗುವುದಿಲ್ಲ. ನಿಂಗರಾಜು ಎದ್ದ.

“ಎತ್ಲಾಗ್ಲಾ? ಅರ್ಧ ಹುರುಳಿ ಅಂಗೇ ಅದ!”

“ಬತ್ತೀನಕ್ಕ, ಗುಂಡ್ಲುಪೇಟ್ಗೋಗಿ.”

“ಗುಂಡ್ಲುಪೇಟ್ಗಾ? ಟವಲು ಮುಂದಕ್ಕೋಯ್ತು ಅಂತ ಗುಂಡ್ಲುಪೇಟ್ಗೋಗನೇನ್ಲಾ!”

ಚಾಮರಾಜನಗರಕ್ಕೆ ಬರುವಷ್ಟರಲ್ಲಿ ಎರಡು ಗಂಟೆ. ಗುಂಡ್ಲುಪೇಟೆ ಬಸ್ಸು ಹೊರಟದ್ದು ಎರಡೂ ಇಪ್ಪತ್ತೈದಕ್ಕೆ. ಬಾಗಿಲ ಬಳಿ ಕಂಬಿ ಹಿಡಿದು ನಿಂತ. ಮೈಗೆ ಹುರುಳಿ ಹೊಟ್ಟು ಅಂಟಿ ಕಡಿಯುತ್ತಿತ್ತು. ಸುಮ್ಮನೆ ವಾಪಸ್ ಹೋದರೆ ಏನಾಗುತ್ತದೆ ಎಂದು ಯೋಚಿಸಿದ. ಮುದುಕರು ಗಮನಿಸದೇ ಇರಬಹುದು. ಗಮನಿಸಿದರೂ ನಾಳೆ ಕೋಳಿಕ್ಕೋಡಿನಲ್ಲಿ ಗಮನಿಸಬಹುದು, ಅಷ್ಟರಲ್ಲಿ ನಿಯಾಸ್ ಹನ್ನೆರಡು ಚಿತ್ರದ ಕಾಗದಕ್ಕೆ ಸಹಿ ಹಾಕಿರುತ್ತಾನೆ. ಐದು ಮನೆ ಒಂದು ವರ್ಷ ನಡೆಯುತ್ತದೆ. ಹೋಗಿ ಹೇಳಿದರೆ? ಮೇಡಂ ಮೇಜಿನ ಮೇಲಿನ ಕೊಟೇಶನ್ನು ಕಣ್ಣ ಮುಂದೆ ಬಂತು.

ತೆರಕಣಾಂಬಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಯಾವುದೋ ಪಕ್ಷದ ಬಾವುಟ ಕಟ್ಟಿಕೊಂಡ ಜೀಪೊಂದು ಪಕ್ಕದಲ್ಲಿ ಹಾದುಹೋಯಿತು. ಬಾವುಟ ಸೊಗಸಾಗಿ ಹಿಂದಕ್ಕೆ ಹಾರುತ್ತಿತ್ತು, ಅವನನ್ನು ಅಣಕಿಸಿದ ಹಾಗೆ. ಗೋಡೆ ಮೇಲೆ ಸಿಮೆಂಟಿನ ಹೆಸರು ತಪ್ಪಾಗಿ ಬರೆದಿದ್ದರೆ ಸುಣ್ಣ ಬಳಿದು ಮತ್ತೆ ಬರೆಯುತ್ತಿದ್ದ, ಯಾರೂ ಹೇಳದಿದ್ದರೂ. ಆದರೆ ಅದು ಅವನೊಬ್ಬನ ಅನ್ನದ ಮಾತಾಗಿತ್ತು.

ನಿಯಾಸ್ ಮನೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ವರಾಂಡದಲ್ಲಿ ಕಿಟಕಿಯ ಬೆಳಕಿಗೆ ಎದುರಾಗಿ ಸ್ಟ್ಯಾಂಡಿನ ಮೇಲೆ ಹಡಗು ನಿಂತಿತ್ತು. ನಿಂಗರಾಜುವಿಗೆ ಮೊದಲು ಕಂಡದ್ದು ಬಾವುಟವೇ. ಈಗ ಅದನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ.

ಅವನ ಅವತಾರ ನೋಡಿ ಮೇಡಂ ಮುಖ ಬಿಗಿಯಿತು. ಹೊರಗೆ ಕರೆದುಕೊಂಡು ಹೋದರು. ಅವನು ಮೂರು ಮಾತಿನಲ್ಲಿ ಹೇಳಿದ. ಅವರು ತಿರುಗಿ ಚಿತ್ರವನ್ನು ಒಂದು ಸಲ ನೋಡಿದರು. ತಪ್ಪು ಅವರಿಗೂ ಕಂಡಿತು ಎನ್ನುವುದು ಕುತ್ತಿಗೆಯ ನರ ಎದ್ದದ್ದರಲ್ಲೇ ತಿಳಿಯಿತು.

“ಈಗ ಮುಟ್ಟಿದ್ರೆ ಹಸಿ ಬಣ್ಣ ಹೊಳೆಯುತ್ತೆ. ಹತ್ತು ನಿಮಿಷದಲ್ಲಿ ಏನು ಮಾಡ್ತೀರ? ಬೇಡ,” ಎಂದರು ಮೆಲ್ಲಗೆ. “ಅವರೇ ಹೇಳಿದ್ರೆ ಸರಿಮಾಡಿ ಕಳಿಸ್ತೀವಿ ಅನ್ನೋಣ. ಹೇಳದಿದ್ರೆ ಬಿಡಿ. ನಿಂಗರಾಜು, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಮುಚ್ಕೊಂಡಿರಿ.”

ಶಿವರಂಜಿನಿ ಬಾಗಿಲಲ್ಲಿ ರಿಪೇರಿ ಡಬ್ಬವನ್ನು ಎರಡು ಕೈಯಲ್ಲೂ ಅವಚಿಕೊಂಡು ನಿಂತಿದ್ದಳು. ಅದನ್ನು ಅವನಿಗೆ ಕೊಡಲು ನಿಂತಿದ್ದಳೋ ಕೊಡದಿರಲು ನಿಂತಿದ್ದಳೋ ತಿಳಿಯುವಂತಿರಲಿಲ್ಲ.

ಮಮ್ಮದ್ ಕೋಯಾ ಬಂದರು. ಸಣಕಲು ದೇಹ, ಬಿಳಿ ಮುಂಡು, ಕೈಯಲ್ಲಿ ದೊಡ್ಡ ಭೂತಗನ್ನಡಿ. ಹಡಗಿನಲ್ಲಿ ಮಂಗಳೂರಿನವರ ಜೊತೆ ಇದ್ದು ಕಲಿತ ಕನ್ನಡದಲ್ಲಿ, “ಎಲ್ಲಿ ಉಂಟು, ನಮ್ಮ ಹಡಗು?” ಎಂದರು. ಒಬ್ಬಂಟಿಯಾಗಿ ಚಿತ್ರದ ಮುಂದೆ ನಿಂತು ಕೆಳಗಿನಿಂದ ನೋಡತೊಡಗಿದರು. ಮೊದಲು ನೀರು. ಆಮೇಲೆ ಒಡಲು. ಭೂತಗನ್ನಡಿ ಒಂದೊಂದು ಅಂಗುಲ ಮೇಲೇರುತ್ತಿತ್ತು.

“ಹಗ್ಗ ಯಾರದ್ದು?”

ಶಿವರಂಜಿನಿ ಕೈ ಎತ್ತಿದಳು.

“ಒಳ್ಳೇದು ಮಗಳೇ. ಇದನ್ನು ಎಳೆದರೆ ಅದು ಬಿಗಿಯಾಗ್ತದೆ, ಹಾಗೇ ಉಂಟು.”

ಭೂತಗನ್ನಡಿ ಹಾಯಿಗೆ ಬಂತು. ಎರಡನೆಯ ಹಾಯಿ. ಅದರ ಮೇಲಿನದು. ಬಾವುಟಕ್ಕೆ ಇನ್ನೊಂದು ಗೇಣು. ಅಲ್ಲಿ ಮುದುಕರ ಕೈ ನಿಂತಿತು. ಚಿತ್ರದ ಮೇಲೆ ಹೊಳೆದ ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿದರು, ಕಣ್ಣಂಚು ಒರೆಸಿಕೊಂಡರು, ಭೂತಗನ್ನಡಿಯನ್ನು ಕೆಳಗಿಳಿಸಿದರು.

“ಸಾಕು. ನಮ್ಮದೇ ಹಡಗು. ಕಟ್ಟಿಸು ನಿಯಾಸೇ, ಹೊರಡುವಾ.”

ಮೇಡಂ ಉಸಿರು ಬಿಟ್ಟದ್ದು ನಿಂಗರಾಜುವಿಗೆ ಕೇಳಿಸಿತು. ನಿಯಾಸ್ ನಕ್ಕು, “ಹಾಗಾದ್ರೆ ಮೇಡಂ, ನಮ್ಮ ಹನ್ನೆರಡರ ಮಾತು ಮುಗಿಸಿಬಿಡೋಣ,” ಎಂದು ಫೈಲು ತೆಗೆದ. ಶಿವರಂಜಿನಿ ಡಬ್ಬವನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಎಲ್ಲವೂ ಅವನು ಬಸ್ಸಿನಲ್ಲಿ ಆಸೆಪಟ್ಟ ಹಾಗೆಯೇ ಆಗಿತ್ತು.

ಮುದುಕರು ಹೋಗಲು ತಿರುಗಿದರು, ಮತ್ತೆ ನಿಂತು ಚಿತ್ರದ ಕಡೆ ಕೈ ಮಾಡಿ ಮಗನಿಗೆ, “ಇನ್ನು ಹಳೇದನ್ನು ಬಿಸಾಡಿದರೂ ಅಡ್ಡಿಯಿಲ್ಲ. ಇನ್ನು ಇದೇ,” ಎಂದರು.

ಆ ಮಾತು ಬಾರದಿದ್ದರೆ ನಿಂಗರಾಜು ಸುಮ್ಮನಿರುತ್ತಿದ್ದನೋ ಏನೋ.

“ಸಾರ್, ಬಾವುಟ ತಪ್ಪಾಗ್‌ಬುಟ್ಟದೆ,” ಎಂದ. ದನಿ ಅವನಿಗೇ ಬೇರೆಯವರದು ಅನ್ನಿಸಿತು. “ಹಾಯಿ ಮುಂದಕ್ಕೆ ಉಬ್ಕಂಡದೆ, ಬಾವುಟ ಹಿಂದಕ್ಕೆ ಹಾರ್ತಾ ಅದೆ. ಅಲ್ಲಿ ಹುಳ ತಿಂದಿತ್ತಲ್ಲ, ನಾನೇ ಮನಸ್ಸಿಂದ ಬರ್ದೆ. ಟೆಂಪೋ ಮೇಲಿನ ಬಾವುಟ ಬರ್ದ್‌ಬುಟ್ಟಿದೀನಿ.”

ಮುದುಕರು ವಾಪಸ್ ಬಂದು ಕಿಟಕಿಯ ಪರದೆ ಎಳೆಯಲು ಹೇಳಿದರು. ಭೂತಗನ್ನಡಿ ಎತ್ತಿ ಬಹಳ ಹೊತ್ತು ಮೇಲೆ ನೋಡಿದರು.

“ಹೌದು. ಉಲ್ಟಾ ಉಂಟು.” ತಿರುಗಿ ಅವನನ್ನು ನೋಡಿದರು. “ನೀನು ಸಮುದ್ರಕ್ಕೆ ಹೋಗಿದ್ದೀಯಾ?”

“ಇಲ್ಲ ಸಾರ್. ಹುರುಳಿ ತೂರ್ತಿದ್ದೆ. ಟವಲು ಮುಂದಕ್ಕೆ ಬಂತು.”

ಮುದುಕರ ಎದೆಯೊಳಗಿನಿಂದ ಕೆಮ್ಮಿನಂಥದೊಂದು ಸದ್ದು ಬಂತು. ಅದು ನಗು ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ಆದರೆ ನಿಯಾಸ್ ನಗಲಿಲ್ಲ.

“ಏನು ಮೇಡಂ ಇದು? ಹನ್ನೆರಡರಲ್ಲಿ ಇಂಥದ್ದು ಎಷ್ಟಿರುತ್ತೆ?”

ಮೇಡಂ ಬಾಯಿ ತೆರೆಯುವುದರೊಳಗೆ ನಿಂಗರಾಜು, “ಒಂದೂ ಇರಲ್ಲ ಸಾರ್. ಅವೆಲ್ಲ ಮೂಲ ಚೆನ್ನಾಗವೆ. ಇರೋದನ್ನ ಇದ್ದಂಗೇ ಇಳಿಸೋದು ಅಷ್ಟೆ,” ಎಂದ.

“ಇದ್ದಂಗೇ ಇಳಿಸೋಕೆ ಮೆಷಿನ್ ಸಾಕಲ್ಲ,” ಎಂದ ನಿಯಾಸ್, ಕೋಪವಿಲ್ಲದೆ. ಫೈಲು ಮುಚ್ಚಿದ.

ತನ್ನ ಕತ್ತಿಗೆ ತಾನೇ ಹಗ್ಗ ಬಿಗಿದುಕೊಂಡೆ ಎಂದು ನಿಂಗರಾಜುವಿಗೆ ಆಗ ಗೊತ್ತಾಯಿತು. ಮೇಡಂ ಗೋಡೆಯ ಕಡೆ ನೋಡುತ್ತಿದ್ದರು.

“ಟೈಮ್ ಎಷ್ಟು?” ಎಂದು ಕೇಳಿದವರು ಮುದುಕರು.

“ನಾಲ್ಕೂವರೆ ಉಪ್ಪಾ. ಹೊರಡಬೇಕು,” ಎಂದ ಮಗ.

“ಹೊರಡುವಾ. ಮೊದಲು ಇವನು ಬಾವುಟ ತಿರುಗಿಸ್ಲಿ.”

ಶಿವರಂಜಿನಿ ಡಬ್ಬ ತಂದು ತೆರೆದಳು. ನಿಂಗರಾಜು ಪ್ಯಾಲೆಟ್ ಚಾಕುವಿನ ಅಂಚನ್ನು ಬಾವುಟದ ತುದಿಗೆ ಇಟ್ಟು, ಕೆನೆ ತೆಗೆಯುವ ಹಾಗೆ ಎಬ್ಬಿಸಿದ. ಕೆಂಪು ಮುದುಡಿಕೊಂಡು ಬಂತು. ಕೆಳಗೆ ಆಕಾಶ ಗಟ್ಟಿಯಾಗಿತ್ತು, ಆದರೆ ಕೆಂಪಿನ ನೆರಳು ಉಳಿದಿತ್ತು. ಬಟ್ಟೆಗೆ ಎರಡು ಹನಿ ಟರ್ಪೆಂಟೈನ್ ಹಾಕಿ ಒತ್ತಿದ, ಉಜ್ಜಲಿಲ್ಲ. ಹೆಚ್ಚು ಹೊತ್ತು ಇಟ್ಟರೆ ಆಕಾಶವೂ ಕರಗುತ್ತದೆ, ಕಡಿಮೆ ಇಟ್ಟರೆ ಗಾಯದ ಕಲೆಯಂತೆ ನಿಲ್ಲುತ್ತದೆ. ಮನಸ್ಸಿನಲ್ಲೇ ಎಣಿಸಿ ಎತ್ತಿದ. ಬಟ್ಟೆ ಕೆಂಪಾಗಿತ್ತು. ಮೂರನೆಯ ಸಲ ಬಟ್ಟೆಯಲ್ಲಿ ಸ್ವಲ್ಪ ನೀಲಿ ಬಂತು. ಅಲ್ಲಿಗೆ ನಿಲ್ಲಿಸಿದ. ಬೆನ್ನಿನ ಬೆವರು ಸೊಂಟಕ್ಕೆ ಇಳಿಯುತ್ತಿತ್ತು.

ಹೊಸ ಕೆಂಪು ಕಲಸಿ, ಮರದ ತುದಿಯಿಂದ ಎಡಕ್ಕೆ ಎಳೆದ, ಅದೇ ಬಿರುಸಿನಲ್ಲಿ.

“ಅಲ್ಲ ಮಾರಾಯ,” ಎಂದರು ಮುದುಕರು ಹಿಂದಿನಿಂದ. “ಹಡಗು ಗಾಳಿಯ ಜೊತೆಗೇ ಹೋಗ್ತಾ ಉಂಟು. ಗಾಳಿ ಅದಕ್ಕೆ ಹೊಡೆಯೋದಿಲ್ಲ, ಜೊತೆಗೆ ನಡೀತದೆ. ಬಾವುಟ ಸೋಮಾರಿ. ಊಟ ಮಾಡಿ ಮಲಗಿದವನ ಕೈ ಹಾಗೆ.” ತಮ್ಮ ಕೈಯನ್ನು ಮುಂದಕ್ಕೆ ಚಾಚಿ, ಮಣಿಕಟ್ಟನ್ನು ಸಡಿಲ ಬಿಟ್ಟು ತೋರಿಸಿದರು.

ನಿಂಗರಾಜು ಆ ಕೈಯನ್ನು ನೋಡಿದ, ಮತ್ತೆ ಎಬ್ಬಿಸಿದ, ಮತ್ತೆ ಬರೆದ, ಮಧ್ಯೆ ಬಿಳಿ ಪಟ್ಟೆ ಎಳೆದ. ಈ ಸಲ ಬಾವುಟ ಮುಂದಕ್ಕೆ ಸ್ವಲ್ಪ ಹಾರಿ, ತುದಿಯಲ್ಲಿ ಸುಸ್ತಾಗಿ ಬಾಗಿತು. ಅದರಲ್ಲಿ ಬಿರುಸೇನೂ ಇರಲಿಲ್ಲ. ಆದರೆ ಅದರ ಕೆಳಗಿನ ಹಾಯಿಗಳು ಇದ್ದಕ್ಕಿದ್ದ ಹಾಗೆ ಭಾರವಾದವು, ಗಾಳಿ ತುಂಬಿಕೊಂಡವು. ಮುದುಕರು ಕುರ್ಚಿ ಎಳೆದುಕೊಂಡು ಕೂತರು.

“ನಿಯಾಸೇ, ಊರಿನ ಮನೆಯ ಮಹಡಿ ಮೇಲೆ ಇನ್ನೂ ಮೂರು ಹಳೇ ಚಿತ್ರ ಉಂಟಲ್ಲ.”

“ಉಪ್ಪಾ, ಅದರಲ್ಲಿ ಏನೂ ಉಳಿದಿಲ್ಲ. ಒಂದರಲ್ಲಿ ಅರ್ಧ ಹಡಗೇ ಇಲ್ಲ.”

“ಮೆಷಿನಿಗೆ ಕೊಟ್ಟರೆ ಏನು ಬರ್ತದೆ?”

“ತೂತು ಬರುತ್ತೆ.”

“ಹಾಗಾದರೆ ಇವನಿಗೆ ಕೊಡು. ಇಲ್ಲದ್ದನ್ನು ನಾನು ಹೇಳ್ತೇನೆ, ಇವನು ಬರೀಲಿ. ತಪ್ಪಾದರೆ ಇವನೇ ಬಂದು ಹೇಳ್ತಾನೆ.” ಮಗನ ಮುಖ ನೋಡಿ, “ನಿನ್ನ ಹನ್ನೆರಡು ನಿನ್ನ ಇಷ್ಟ,” ಎಂದರು.

ಐದೂ ಕಾಲಿಗೆ ಕಾರು ಹೊರಟಿತು. ಹಸಿ ಬಾವುಟಕ್ಕೆ ಏನೂ ತಗಲದ ಹಾಗೆ ಚಿತ್ರವನ್ನು ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿದ್ದರು. ಹನ್ನೆರಡು ಚಿತ್ರದ ಬಗ್ಗೆ ನಿಯಾಸ್ ಹೋಗುವ ಮುನ್ನ ಸ್ಪಷ್ಟವಾಗಿಯೇ ಹೇಳಿದ: ಮೆಷಿನ್ನಿನವೇ ಸಾಕು, ಮೇಡಂ ಮೆಷಿನ್ ತರಿಸಿದರೆ ಅವರಿಗೇ ಕೊಡುತ್ತೇನೆ, ಇಲ್ಲದಿದ್ದರೆ ಮೈಸೂರಿನಲ್ಲಿ ಮಾಡಿಸುತ್ತೇನೆ.

ಮೇಡಂ ಓಡಿಸುತ್ತಿದ್ದ ವ್ಯಾನು ತೆರಕಣಾಂಬಿ ದಾಟಿತು. ಶಿವರಂಜಿನಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಿಂಗರಾಜು ಬೆರಳಿನ ಕೆಂಪನ್ನು ಟವಲಿನಲ್ಲಿ ಒರೆಸುತ್ತಲೇ ಇದ್ದ.

“ಬಾಯಿ ಮುಚ್ಕೊಂಡಿರಿ ಅಂದೆ,” ಎಂದರು ಮೇಡಂ ಕೊನೆಗೆ, ರಸ್ತೆಯಿಂದ ಕಣ್ಣು ತೆಗೆಯದೆ.

“ಹೂಂ ಮೇಡಂ.”

“ಮೆಷಿನ್ ಬರುತ್ತೆ. ಅದನ್ನ ನಾನಿನ್ನು ತಡೆಯೋಕಾಗಲ್ಲ.”

“ಹೂಂ.”

“ಆ ಮೂರು ಚಿತ್ರ ಮುಗಿಸೋಕೆ ಐದೂ ಜನ ಕೂತ್ರೆ ಎಷ್ಟು ತಿಂಗಳು ಬೇಕು?”

ಅವನು ಲೆಕ್ಕ ಹಾಕಿದ. ಹುಳ ತಿಂದದ್ದು, ಅರ್ಧ ಹಡಗೇ ಇಲ್ಲದ್ದು, ಪ್ರತಿ ಸಲ ಮುದುಕರನ್ನು ಕೇಳಿಕೊಂಡು ಬರುವುದು. “ಎಂಟು ತಿಂಗಳು ಮೇಡಂ. ಬಿಗಿಯಾಗಿ ಕೂತ್ರೆ ಏಳು.”

“ಬಿಗಿಯಾಗಿ ಯಾರು ಕೂತ್ಕೊಳ್ಳಿ ಅಂದ್ರು ನಿಮ್ಮನ್ನ?” ಎಂದರು ಮೇಡಂ. “ಕಾರು ಹತ್ತೋವಾಗ ಸಾಹೇಬ್ರು ಕೇಳಿದ್ರು. ನಾನು ಹನ್ನೆರಡು ತಿಂಗಳು ಅಂದಿದೀನಿ.”

ಶಿವರಂಜಿನಿ ಕಿಟಕಿಯಿಂದ ಮುಖ ತಿರುಗಿಸಿ ನಿಂಗರಾಜುವನ್ನು ನೋಡಿದಳು. “ಅಣ್ಣಾ,” ಎಂದಳು, “ಇದನ್ನೂ ಹೋಗಿ ಅವ್ರಿಗೆ ಹೇಳ್‌ಬುಡ್ಬೇಡ ಕಣೋ.”